ಅಧಿಕಾರ ಪಟ್ಟಿಯಲ್ಲಿದೆ, ಹಣ ಎಲ್ಲಿದೆ? ಒಕ್ಕೂಟ ಸಂವಿಧಾನದ ನಿಜವಾದ ಗಡಿಗಳು

1941ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ರೈತ ರಾಸ್ಕೋ ಫಿಲ್‌ಬರ್ನ್ ಸರ್ಕಾರ ಹೇಳಿದ್ದಕ್ಕಿಂತ ಜಾಸ್ತಿ ಗೋಧಿ ಬೆಳೆದರು. ಅವರಿಗೆ ಅನುಮತಿ ಇದ್ದದ್ದು 11.1 ಎಕರೆಗೆ. ಬಿತ್ತಿದ್ದು 23 ಎಕರೆ. ದಂಡ ಬಿತ್ತು: 117 ಡಾಲರ್ 11 ಸೆಂಟ್. ಅವರು ಕೋರ್ಟಿಗೆ ಹೋದರು. ಅವರ ವಾದ ಸರಳವಾಗಿತ್ತು. ಸಂವಿಧಾನ ಕೇಂದ್ರಕ್ಕೆ ಕೊಟ್ಟಿರುವುದು ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲಿನ ಅಧಿಕಾರ. ನನ್ನ ಹೆಚ್ಚುವರಿ ಗೋಧಿ ನನ್ನ ಜಮೀನು ಬಿಟ್ಟು ಹೊರಗೇ ಹೋಗಿಲ್ಲ. ದನ, ಕೋಳಿ ತಿಂದವು, ಮನೆಯವರು ತಿಂದರು, ಉಳಿದದ್ದು ಬೀಜಕ್ಕಾಯಿತು. ಇದರಲ್ಲಿ ವ್ಯಾಪಾರ ಎಲ್ಲಿ ಬಂತು?

1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ರೈತ ಬೆಳೆದುಕೊಂಡರೆ ಏನೂ ಆಗುವುದಿಲ್ಲ ನಿಜ. ಆದರೆ ಎಲ್ಲ ರೈತರೂ ತಮಗೆ ಬೇಕಾದ ಗೋಧಿಯನ್ನು ತಾವೇ ಬೆಳೆದುಕೊಂಡರೆ ಮಾರುಕಟ್ಟೆಯಲ್ಲಿ ಕೊಳ್ಳುವವರು ಕಡಿಮೆಯಾಗುತ್ತಾರೆ. ದೇಶದಾದ್ಯಂತ ಬೆಲೆ ಬದಲಾಗುತ್ತದೆ. ಆದ್ದರಿಂದ ಇದೂ ಕೇಂದ್ರದ ವ್ಯಾಪ್ತಿಗೆ ಬರುತ್ತದೆ ಎಂದಿತು ಕೋರ್ಟ್. ಹಿತ್ತಲಿನ ಕೋಳಿ ತಿಂದ ಕಾಳು ಅಂತರರಾಜ್ಯ ವ್ಯಾಪಾರದ ಲೆಕ್ಕಕ್ಕೆ ಬಂತು.

ಅಮೆರಿಕದ ಸಂವಿಧಾನವನ್ನು ಬರೀ ಓದಿದರೆ ಇಂಥದ್ದೊಂದು ನಡೆಯುತ್ತದೆ ಎಂದು ಊಹಿಸುವುದೇ ಕಷ್ಟ. ಕೇಂದ್ರಕ್ಕೆ ಕೊಟ್ಟಿರುವ ಅಧಿಕಾರಗಳನ್ನು ಅದು ಎಣಿಸಿ ಹೇಳುತ್ತದೆ. ಕೇಂದ್ರಕ್ಕೆ ಕೊಡದೆ, ರಾಜ್ಯಗಳಿಗೆ ನಿಷೇಧಿಸದೆ ಉಳಿದದ್ದೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಎಂದು 1791ರ ಹತ್ತನೇ ತಿದ್ದುಪಡಿ ಬೇರೆ ಸೇರಿಸುತ್ತದೆ. ಕಾಗದದ ಮೇಲೆ ಇದು ಕೈಕಾಲು ಕಟ್ಟಿದ ಕೇಂದ್ರ. ಆದರೆ 1937ರಿಂದ 1995ರವರೆಗೆ, ಹತ್ತಿರ ಹತ್ತಿರ ಅರುವತ್ತು ವರ್ಷ, ‘ಇದು ವ್ಯಾಪಾರದ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಕಾರಣಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಒಂದೇ ಒಂದು ಕೇಂದ್ರ ಕಾನೂನನ್ನೂ ರದ್ದು ಮಾಡಲಿಲ್ಲ.

ಈಗ ಪಕ್ಕದ ಕೆನಡಾ ನೋಡಿ. ಅಲ್ಲಿ ಆದದ್ದು ಪೂರ್ತಿ ಉಲ್ಟಾ. 1867ರಲ್ಲಿ ಕೆನಡಾ ಒಕ್ಕೂಟ ಕಟ್ಟಿದವರ ಕಣ್ಣ ಮುಂದೆ ಅಮೆರಿಕದ ಅಂತರ್ಯುದ್ಧ ಇತ್ತು. ರಾಜ್ಯಗಳಿಗೆ ಜಾಸ್ತಿ ಬಲ ಕೊಟ್ಟಿದ್ದೇ ಆ ಅನಾಹುತಕ್ಕೆ ಕಾರಣ ಎಂದು ಅವರಲ್ಲಿ ಹಲವರು ನಂಬಿದ್ದರು. ಹಾಗಾಗಿ ಪಟ್ಟಿಯಲ್ಲಿಲ್ಲದ ಉಳಿಕೆ ಅಧಿಕಾರ ಕೇಂದ್ರಕ್ಕೆ ಹೋಯಿತು. ಅಷ್ಟೇ ಅಲ್ಲ, ಪ್ರಾಂತ್ಯದ ಯಾವುದೇ ಕಾನೂನನ್ನು ಇಷ್ಟವಿಲ್ಲದಿದ್ದರೆ ರದ್ದು ಮಾಡುವ ಅಧಿಕಾರವನ್ನೂ ಕೇಂದ್ರಕ್ಕೆ ಕೊಟ್ಟರು. ಇಷ್ಟಾದರೂ ಇವತ್ತು ಜಗತ್ತಿನ ಒಕ್ಕೂಟಗಳಲ್ಲಿ ತುಂಬಾ ಬಲ ಇರುವ ಪ್ರಾಂತ್ಯಗಳನ್ನು ಲೆಕ್ಕ ಹಾಕಿದರೆ ಕೆನಡಾದ ಪ್ರಾಂತ್ಯಗಳು ಮೊದಲ ಸಾಲಿನಲ್ಲಿ ಬರುತ್ತವೆ. 1949ರವರೆಗೆ ಅಲ್ಲಿನ ಕೊನೆಯ ಮೇಲ್ಮನವಿ ಕೇಳುತ್ತಿದ್ದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಅದು ‘ಆಸ್ತಿ ಮತ್ತು ನಾಗರಿಕ ಹಕ್ಕು’ ಎಂಬ ಪ್ರಾಂತ್ಯದ ವಿಷಯವನ್ನು ಬಹಳ ಅಗಲವಾಗಿ ಓದಿತು. ಕಾನೂನು ರದ್ದು ಮಾಡುವ ಅಧಿಕಾರವನ್ನು ಕೇಂದ್ರ ಕೊನೆಯ ಸಲ ಬಳಸಿದ್ದು 1943ರಲ್ಲಿ. ಅದು ಪುಸ್ತಕದಲ್ಲಿ ಇನ್ನೂ ಇದೆ, ಬಳಸುವ ಧೈರ್ಯ ಯಾರಿಗೂ ಇಲ್ಲ. ಫ್ರೆಂಚ್ ಮಾತಾಡುವ ಕ್ವಿಬೆಕ್ ಒಳಗಿರುವಾಗ ಅಂಥ ಧೈರ್ಯ ಬರುವುದೂ ಕಷ್ಟವೇ.

ಅಂದರೆ ಒಂದು ದೇಶ ಸಣ್ಣ ಕೇಂದ್ರವನ್ನು ಬರೆದಿಟ್ಟು ದೊಡ್ಡ ಕೇಂದ್ರವನ್ನು ಪಡೆಯಿತು. ಇನ್ನೊಂದು ದೊಡ್ಡ ಕೇಂದ್ರವನ್ನು ಬರೆದಿಟ್ಟು ದೊಡ್ಡ ಪ್ರಾಂತ್ಯಗಳನ್ನು ಪಡೆಯಿತು. ಒಕ್ಕೂಟ ಅಂದ ತಕ್ಷಣ ನಾವು ಮೊದಲು ನೋಡುವುದು ವಿಷಯಗಳ ಪಟ್ಟಿಯನ್ನು. ಪೊಲೀಸ್ ಯಾರದ್ದು, ಕೃಷಿ ಯಾರದ್ದು, ರೈಲ್ವೆ ಯಾರದ್ದು. ಪಟ್ಟಿ ಬೇಕು, ಸುಳ್ಳಲ್ಲ. ಆದರೆ ಒಂದು ಒಕ್ಕೂಟದಲ್ಲಿ ಅಧಿಕಾರ ನಿಜವಾಗಿ ಹಂಚಿಕೆಯಾಗಿದೆಯೇ ಎಂದು ತಿಳಿಯಲು ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ರಾಜ್ಯಕ್ಕೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಸ್ವಂತ ಹಣ ಎಷ್ಟಿದೆ? ನಿಯಮ ಬದಲಾಯಿಸುವಾಗ ರಾಜ್ಯದ ಒಪ್ಪಿಗೆ ಬೇಕೇ, ಬೇಡವೇ?

ಮೊದಲು ಪಟ್ಟಿಯ ಕತೆ ಮುಗಿಸೋಣ. ಭಾರತದ ಸಂವಿಧಾನದಷ್ಟು ಉದ್ದದ ಪಟ್ಟಿ ಬಹುಶಃ ಬೇರೆಲ್ಲೂ ಇಲ್ಲ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಶುರುವಿನಲ್ಲಿ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು. ಯಾವುದರಲ್ಲೂ ಇಲ್ಲದ ವಿಷಯ 248ನೇ ವಿಧಿಯ ಪ್ರಕಾರ ಸಂಸತ್ತಿಗೆ ಸೇರುತ್ತದೆ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಇಬ್ಬರೂ ಕಾನೂನು ಮಾಡಬಹುದು. ಡಿಕ್ಕಿಯಾದರೆ 254ನೇ ವಿಧಿಯಂತೆ ಸಂಸತ್ತಿನ ಕಾನೂನು ಗೆಲ್ಲುತ್ತದೆ. ರಾಷ್ಟ್ರಪತಿಯ ಅಂಕಿತ ಸಿಕ್ಕಿದರೆ ರಾಜ್ಯದ ಕಾನೂನು ಆ ರಾಜ್ಯದ ಮಟ್ಟಿಗೆ ನಿಲ್ಲಬಹುದು. ಆದರೆ ಸಂಸತ್ತು ಮತ್ತೊಂದು ಕಾನೂನು ತಂದು ಅದನ್ನೂ ಮೀರಬಹುದು.

ಈ ಪಟ್ಟಿಗಳು ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ. ತುರ್ತುಪರಿಸ್ಥಿತಿ ಇದ್ದಾಗ, 1976ರಲ್ಲಿ, 42ನೇ ತಿದ್ದುಪಡಿ ಐದು ವಿಷಯಗಳನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಶಿಕ್ಷಣ, ಅರಣ್ಯ, ವನ್ಯಜೀವಿಗಳ ರಕ್ಷಣೆ, ತೂಕ ಮತ್ತು ಅಳತೆ, ಕೆಳಹಂತದ ನ್ಯಾಯಾಲಯಗಳ ಆಡಳಿತ. ಮುಂದೆ ಬಂದ ಜನತಾ ಸರ್ಕಾರ ಆ ತಿದ್ದುಪಡಿಯ ಎಷ್ಟೋ ಭಾಗಗಳನ್ನು ತೆಗೆದುಹಾಕಿತು. ಈ ಐದು ಮಾತ್ರ ಹಿಂದಕ್ಕೆ ಬರಲಿಲ್ಲ. ವೈದ್ಯಕೀಯ ಕೋರ್ಸ್ ಪ್ರವೇಶದ ನೀಟ್ ಪರೀಕ್ಷೆಯಿಂದ ವಿನಾಯಿತಿ ಬೇಕೆಂದು ತಮಿಳುನಾಡು ವಿಧಾನಸಭೆ 2021ರಲ್ಲಿ ಮಸೂದೆ ಪಾಸ್ ಮಾಡಿ ರಾಷ್ಟ್ರಪತಿಯ ಅಂಕಿತಕ್ಕೆ ಕಾಯಬೇಕಾಗಿ ಬಂದದ್ದಕ್ಕೂ 1976ರ ಈ ಬದಲಾವಣೆಗೂ ನೇರ ಸಂಬಂಧ ಇದೆ. ಅಂಕಿತ ಸಿಗಲಿಲ್ಲ.

2020ರ ಕೃಷಿ ಕಾನೂನುಗಳಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ಬಂತು. ಕೃಷಿ ರಾಜ್ಯ ಪಟ್ಟಿಯ 14ನೇ ವಿಷಯ. ಮಾರುಕಟ್ಟೆ ಮತ್ತು ಸಂತೆ 28ನೇದು. ಹಾಗಿದ್ದೂ ಕೇಂದ್ರ ಎಪಿಎಂಸಿ ಹೊರಗಿನ ವ್ಯಾಪಾರದ ಬಗ್ಗೆ ಕಾನೂನು ಮಾಡಿತು. ಅದಕ್ಕೆ ಆಧಾರ ಸಮವರ್ತಿ ಪಟ್ಟಿಯ 33ನೇ ವಿಷಯ, ಅಂದರೆ ಆಹಾರ ಪದಾರ್ಥಗಳ ವ್ಯಾಪಾರ. 1954ರ ಒಂದು ತಿದ್ದುಪಡಿ ಈ ವಿಷಯವನ್ನು ಮೊದಲೇ ಹಿಗ್ಗಿಸಿಟ್ಟಿತ್ತು. ಬೆಳೆಯುವುದು ರಾಜ್ಯದ ವಿಷಯ, ಮಾರುವ ಜಾಗ ರಾಜ್ಯದ ವಿಷಯ, ಮಾರುವುದು ಮಾತ್ರ ಇಬ್ಬರ ವಿಷಯ! ಈ ಗಂಟನ್ನು ಸುಪ್ರೀಂ ಕೋರ್ಟ್ ಬಿಡಿಸಲೇ ಇಲ್ಲ. 2021ರ ಜನವರಿಯಲ್ಲಿ ಕಾನೂನುಗಳಿಗೆ ತಡೆ ಕೊಟ್ಟಿತು ಅಷ್ಟೆ. ಅದೇ ವರ್ಷದ ಕೊನೆಗೆ ಸಂಸತ್ತೇ ಅವನ್ನು ವಾಪಸ್ ಪಡೆಯಿತು. ರೈತರು ದೆಹಲಿಯ ಗಡಿಯಲ್ಲಿ ಕೂತದ್ದರಿಂದ ಕಾನೂನು ಹೋಯಿತು. ಪಟ್ಟಿಯಿಂದ ಹೋದದ್ದಲ್ಲ.

ಕೋರ್ಟ್ ಯಾವಾಗಲೂ ಕೇಂದ್ರದ ಕಡೆಗೇ ವಾಲುತ್ತದೆ ಎಂದೂ ಹೇಳುವಂತಿಲ್ಲ. 2024ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಗಳು ಎರಡು ದೊಡ್ಡ ತೀರ್ಪುಗಳನ್ನು ರಾಜ್ಯಗಳ ಪರವಾಗಿ ಕೊಟ್ಟವು. ಗಣಿ ರಾಯಧನ (ರಾಯಲ್ಟಿ) ತೆರಿಗೆಯಲ್ಲ, ಆದ್ದರಿಂದ ಖನಿಜದ ಹಕ್ಕಿನ ಮೇಲೆ ರಾಜ್ಯಗಳು ಬೇರೆಯಾಗಿ ತೆರಿಗೆ ಹಾಕಬಹುದು ಎಂಬುದು ಜುಲೈನಲ್ಲಿ ಬಂತು. ಕೈಗಾರಿಕಾ ಆಲ್ಕೋಹಾಲ್ ಮೇಲೂ ರಾಜ್ಯಕ್ಕೆ ನಿಯಂತ್ರಣ ಇದೆ ಎಂಬುದು ಅಕ್ಟೋಬರ್‌ನಲ್ಲಿ. ಎರಡೂ 8–1ರ ತೀರ್ಪುಗಳು. ಎರಡರಲ್ಲೂ ಭಿನ್ನಮತ ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಈ ಎರಡೂ ಪ್ರಕರಣಗಳ ತಿರುಳು ದುಡ್ಡು ಎನ್ನುವುದನ್ನು ಗಮನಿಸಿ.

ಹಣದ ಕತೆಗೆ ಆಸ್ಟ್ರೇಲಿಯಾಕ್ಕಿಂತ ಒಳ್ಳೆಯ ಪಾಠ ಇಲ್ಲ. 1901ರಲ್ಲಿ ಆ ಒಕ್ಕೂಟ ಹುಟ್ಟಿದಾಗ ರಾಜ್ಯಗಳು ಆದಾಯ ತೆರಿಗೆ ಹಾಕಬಹುದಿತ್ತು. ಹಾಕುತ್ತಲೂ ಇದ್ದವು. 1942ರಲ್ಲಿ ಯುದ್ಧಕ್ಕೆ ದುಡ್ಡು ಬೇಕಾಯಿತು. ಕೇಂದ್ರ ನಾಲ್ಕು ಕಾನೂನು ಒಟ್ಟಿಗೆ ತಂದಿತು. ಕೇಂದ್ರದ ಆದಾಯ ತೆರಿಗೆಯ ದರವನ್ನು ತುಂಬಾ ಏರಿಸಿತು. ಜನ ಮೊದಲು ಕೇಂದ್ರದ ತೆರಿಗೆ ಕಟ್ಟಬೇಕು ಎಂದಿತು. ರಾಜ್ಯಗಳ ಆದಾಯ ತೆರಿಗೆ ಇಲಾಖೆಯ ಸಿಬ್ಬಂದಿಯನ್ನೂ ಕಚೇರಿಗಳನ್ನೂ ತನ್ನ ಕಡೆ ಎಳೆದುಕೊಂಡಿತು. ತಮ್ಮ ಆದಾಯ ತೆರಿಗೆ ನಿಲ್ಲಿಸುವ ರಾಜ್ಯಕ್ಕೆ ಅದಕ್ಕೆ ಬದಲಾಗಿ ಅನುದಾನ ಕೊಡುತ್ತೇವೆ ಎಂದಿತು. ರಾಜ್ಯಗಳು ಹೈಕೋರ್ಟಿಗೆ ಹೋದವು. ಅಲ್ಲಿ ದೇಶದ ಅತ್ಯುನ್ನತ ಕೋರ್ಟಿನ ಹೆಸರೇ ಹೈಕೋರ್ಟ್. ಕಾನೂನುಗಳನ್ನು ಒಂದೊಂದಾಗಿ ನೋಡಿದರೆ ತಪ್ಪಿಲ್ಲ ಎಂದು ಕೋರ್ಟ್ ಎತ್ತಿಹಿಡಿಯಿತು. ತೆರಿಗೆ ಹಾಕಬೇಡಿ ಎಂದು ಯಾರೂ ಹೇಳಿಲ್ಲವಲ್ಲ, ನಿಲ್ಲಿಸಿದವರಿಗೆ ಅನುದಾನ ಕೊಡುತ್ತೇವೆ ಎಂದಿದ್ದಾರೆ ಅಷ್ಟೆ!

ಯುದ್ಧ 1945ರಲ್ಲಿ ಮುಗಿಯಿತು. ಆದಾಯ ತೆರಿಗೆ ರಾಜ್ಯಗಳಿಗೆ ವಾಪಸ್ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಸಂವಿಧಾನದ ಒಂದಕ್ಷರವೂ ಬದಲಾಗದೆ ಆ ದೇಶದ ಅಧಿಕಾರದ ತೂಕ ಬದಲಾಗಿಹೋಯಿತು. ಅಲ್ಲಿ 96ನೇ ಕಲಂ ಅಂತ ಒಂದಿದೆ. ಸಂಸತ್ತು ತನಗೆ ಸರಿ ಕಂಡ ಷರತ್ತಿನ ಮೇಲೆ ರಾಜ್ಯಕ್ಕೆ ಹಣ ಕೊಡಬಹುದು ಎನ್ನುತ್ತದೆ. ಶಾಲೆ, ಆಸ್ಪತ್ರೆ ಪಟ್ಟಿಯ ಪ್ರಕಾರ ರಾಜ್ಯದ ಕೆಲಸ. ಅವು ಹೇಗೆ ನಡೆಯಬೇಕೆಂದು ಷರತ್ತು ಹಾಕುವವರು ಹಣ ಕೊಡುವವರು. ಗದ್ದೆ ನಿಮ್ಮದೇ, ತೂಬು ಎತ್ತುವವರು ಮಾತ್ರ ಬೇರೆ ಎಂಬಂಥ ಸ್ಥಿತಿ.

ಷರತ್ತಿನ ಹಣಕ್ಕೆ ಮಿತಿ ಹಾಕಲು ಅಮೆರಿಕದ ಕೋರ್ಟ್ ಪ್ರಯತ್ನಪಟ್ಟಿದೆ. 1984ರಲ್ಲಿ ಅಲ್ಲಿನ ಸಂಸತ್ತು ಕುಡಿತದ ಕನಿಷ್ಠ ವಯಸ್ಸನ್ನು ದೇಶಕ್ಕೆಲ್ಲ 21 ಮಾಡಬೇಕೆಂದಿತು. ಆದರೆ ಅದು ರಾಜ್ಯಗಳ ವಿಷಯ. ಹಾಗಾಗಿ ಅಡ್ಡದಾರಿ ಹಿಡಿಯಿತು. 21 ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಸಣ್ಣ ಪಾಲು ಕಡಿತ. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಸುಮಾರು ಐದು ಪರ್ಸೆಂಟ್ ಕಡಿತ ಒತ್ತಾಯವಲ್ಲ, ಉತ್ತೇಜನ ಎಂದಿತು ಕೋರ್ಟ್. ಮರುವರ್ಷದ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದಿದ್ದವು. 2012ರಲ್ಲಿ ಮಾತ್ರ ಕತೆ ಬೇರೆಯಾಯಿತು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಯ್ಡ್ ಅನ್ನು ವಿಸ್ತರಿಸಲು ಒಪ್ಪದ ರಾಜ್ಯಕ್ಕೆ ಆವರೆಗೆ ಬರುತ್ತಿದ್ದ ಮೆಡಿಕೇಯ್ಡ್ ಹಣವೂ ನಿಲ್ಲಬಹುದು ಎಂಬ ಷರತ್ತು ಇತ್ತು. ಒಂದು ಸರಾಸರಿ ರಾಜ್ಯದ ಬಜೆಟ್‌ನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಣ ಅದು. ಇದು ತಲೆಗೆ ಬಂದೂಕು ಇಟ್ಟಂತೆ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಷರತ್ತು ಬಿತ್ತು. ಐದು ಪರ್ಸೆಂಟ್ ಆದರೆ ಸರಿ, ಇಡೀ ಹಣವಾದರೆ ತಪ್ಪು. ಗೆರೆ ಇವೆರಡರ ಮಧ್ಯೆ ಎಲ್ಲಿದೆ? ಯಾರೂ ಹೇಳಿಲ್ಲ.

ಭಾರತದಲ್ಲಿ ಹಣ ಹಂಚಲು ಸಂವಿಧಾನವೇ ಒಂದು ವ್ಯವಸ್ಥೆ ಮಾಡಿದೆ. 280ನೇ ವಿಧಿಯ ಹಣಕಾಸು ಆಯೋಗ. ಇದು ನಿಜಕ್ಕೂ ಒಳ್ಳೆಯ ಯೋಚನೆ. ಆಸ್ಟ್ರೇಲಿಯಾದಲ್ಲಿ ರಾಜಕೀಯಕ್ಕೆ ಬಿಟ್ಟದ್ದನ್ನು ಇಲ್ಲಿ ಐದು ವರ್ಷಕ್ಕೊಮ್ಮೆ ಕೂರುವ ಒಂದು ಸಂಸ್ಥೆಗೆ ಕೊಟ್ಟಿದ್ದಾರೆ. 14ನೇ ಆಯೋಗ ಕೇಂದ್ರದ ಹಂಚಿಕೆಯ ತೆರಿಗೆಯಲ್ಲಿ 42 ಪರ್ಸೆಂಟ್ ರಾಜ್ಯಗಳಿಗೆ ಎಂದಿತು. ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಮೇಲೆ 15ನೇ ಆಯೋಗ ಅದನ್ನು 41 ಮಾಡಿತು. ರಾಜ್ಯ ರಾಜ್ಯಗಳ ನಡುವಿನ ಪಾಲಿನ ವಿಚಾರಕ್ಕೆ ಬಂದರೆ, ಕರ್ನಾಟಕದ್ದು 14ನೇ ಆಯೋಗದಲ್ಲಿ 4.713 ಪರ್ಸೆಂಟ್ ಇದ್ದದ್ದು 15ನೇದರಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯದ ಮುಖ್ಯಮಂತ್ರಿಯೂ ಸಚಿವರೂ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತು ಪ್ರತಿಭಟಿಸಿದ್ದರ ಹಿಂದೆ ಈ ಸಂಖ್ಯೆ ಇತ್ತು.

ಆ ಇಳಿಕೆಯನ್ನು ಬರೀ ಅನ್ಯಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಡಿಮೆ ಆದಾಯದ ರಾಜ್ಯಕ್ಕೆ ಜಾಸ್ತಿ ಹಣ ಹೋಗಬೇಕು ಎಂಬ ತತ್ವ ಎಲ್ಲ ಒಕ್ಕೂಟಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಬಿಹಾರದ ಮಗುವಿಗೂ ಒಂದು ಶಾಲೆ ಬೇಕು ತಾನೇ? ಎಷ್ಟು ಹೋಗಬೇಕು ಎಂಬ ಬಗ್ಗೆ ವಾದ ಮಾಡಬಹುದು, ಮಾಡಲಿ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ವಸೂಲಿ ಮಾಡುವ ಸೆಸ್ ಮತ್ತು ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆಯಾದ ಸರ್‌ಚಾರ್ಜ್. ಇವು ಹಂಚಿಕೆಯ ತೆರಿಗೆಯ ಲೆಕ್ಕಕ್ಕೇ ಬರುವುದಿಲ್ಲ. 2000ದ 80ನೇ ತಿದ್ದುಪಡಿ ಕೇಂದ್ರದ ಬಹುತೇಕ ಎಲ್ಲ ತೆರಿಗೆಗಳನ್ನೂ ಹಂಚಿಕೆಗೆ ತಂದಾಗ ಈ ಎರಡನ್ನು ಹೊರಗಿಟ್ಟಿತು. ಹಾಗಾಗಿ ಒಂದು ರೂಪಾಯಿಯನ್ನು ಅಬಕಾರಿ ಸುಂಕ ಎಂದು ವಸೂಲಿ ಮಾಡಿದರೆ ಅದರಲ್ಲಿ ರಾಜ್ಯಗಳಿಗೆ 41 ಪೈಸೆ. ಅದೇ ರೂಪಾಯಿಯನ್ನು ಸೆಸ್ ಎಂದು ಹೆಸರು ಬದಲಾಯಿಸಿ ವಸೂಲಿ ಮಾಡಿದರೆ ಸೊನ್ನೆ. ಆಯೋಗ ಎಷ್ಟು ಪರ್ಸೆಂಟ್ ಬೇಕಾದರೂ ಹೇಳಲಿ, ಯಾವುದರ ಪರ್ಸೆಂಟ್ ಎಂಬುದನ್ನು ಒಂದು ಕಡೆಯವರೇ ತೀರ್ಮಾನಿಸಬಹುದು. ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ಒಕ್ಕೂಟದ ಗೋಡೆಯಲ್ಲಿ ಇದಕ್ಕಿಂತ ದೊಡ್ಡ ಬಿರುಕು ನನಗೆ ಕಂಡಿಲ್ಲ.

ಜಿಎಸ್‌ಟಿಯ ವಿಷಯ ಇಷ್ಟು ಸರಳವಲ್ಲ. 2017ರ ಜುಲೈ 1ರಿಂದ ರಾಜ್ಯಗಳು ವ್ಯಾಟ್, ಪ್ರವೇಶ ತೆರಿಗೆ ಮುಂತಾದವನ್ನು ಬಿಟ್ಟುಕೊಟ್ಟವು. ಕೇಂದ್ರವೂ ತನ್ನ ಅಬಕಾರಿ ಸುಂಕದ ದೊಡ್ಡ ಭಾಗವನ್ನೂ ಸೇವಾ ತೆರಿಗೆಯನ್ನೂ ಬಿಟ್ಟಿತು. ಇಬ್ಬರೂ ಕೈಬಿಟ್ಟದ್ದನ್ನು ಜಿಎಸ್‌ಟಿ ಮಂಡಳಿ ಎಂಬ ಮೂರನೇ ಜಾಗಕ್ಕೆ ತಂದಿಟ್ಟರು. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗ ತೂಕ. ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು. ಪಾಸ್ ಆಗಲು ಮುಕ್ಕಾಲು ಭಾಗ ಬೇಕು. ಲೆಕ್ಕ ಹಾಕಿ ನೋಡಿ. ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ಬೇಡ ಅಂದರೆ ಏನೂ ಪಾಸ್ ಆಗುವುದಿಲ್ಲ. ಕೇಂದ್ರ ತನಗೆ ಬೇಕಾದ್ದನ್ನು ಪಾಸ್ ಮಾಡಿಕೊಳ್ಳಬೇಕಾದರೂ ಬಹುಪಾಲು ರಾಜ್ಯಗಳು ಜೊತೆಗಿರಬೇಕು. ಆದರೆ ಒಂದು ರಾಜ್ಯ ಒಂಟಿಯಾಗಿ ತಡೆಯಲಾರದು, ಕೇಂದ್ರ ಒಂಟಿಯಾಗಿ ತಡೆಯಬಲ್ಲದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ಶಿಫಾರಸುಗಳು ಸಂಸತ್ತನ್ನಾಗಲಿ ವಿಧಾನಸಭೆಯನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದಿತು. ಕೇಳಲು ಚೆನ್ನಾಗಿದೆ. ಆದರೆ ದೇಶಕ್ಕೆಲ್ಲ ಒಂದೇ ದರ ಇರುವಾಗ ಒಂದು ರಾಜ್ಯ ತನ್ನದೇ ದರ ಮಾಡಿಕೊಂಡರೆ ಬಿಲ್ ಹಾಕುವ ವ್ಯಾಪಾರಿಯ ಗತಿ ಏನು? ಜಿಎಸ್‌ಟಿಯಿಂದ ರಾಜ್ಯಗಳಿಗೆ ಆಗುವ ನಷ್ಟಕ್ಕೆ ಪರಿಹಾರ ಕೊಡುವ ಐದು ವರ್ಷ 2022ರ ಜೂನ್‌ಗೆ ಮುಗಿಯಿತು. 2025ರ ಸೆಪ್ಟೆಂಬರ್ 22ರಿಂದ ದರಗಳನ್ನು ಮುಖ್ಯವಾಗಿ 5 ಮತ್ತು 18 ಎಂಬ ಎರಡು ಹಂತಕ್ಕೆ ತಂದಾಗ, ಆಗುವ ನಷ್ಟ ತುಂಬಿಕೊಡಿ ಎಂದು ಕೆಲವು ರಾಜ್ಯಗಳು ಕೇಳಿದವು. ಆ ಮೊದಲಿನ ಪರಿಹಾರದಂಥ ಭರವಸೆ ಈಗ ಇಲ್ಲ. ರಾಜ್ಯಕ್ಕೆ ಸ್ವಂತವಾಗಿ ಉಳಿದ ದೊಡ್ಡ ಆದಾಯದ ಮೂಲಗಳು ಮದ್ಯ, ಪೆಟ್ರೋಲ್ ಮತ್ತು ಡೀಸೆಲ್, ನೋಂದಣಿ ಮುದ್ರಾಂಕ, ವಾಹನ ತೆರಿಗೆ. ಸರ್ಕಾರಗಳು ಮದ್ಯದ ಆದಾಯಕ್ಕೆ ಯಾಕಿಷ್ಟು ಅಂಟಿಕೊಂಡಿವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇದರ ಎದುರು ಸ್ವಿಟ್ಜರ್ಲೆಂಡ್ ಇಡೋಣ. ಅಲ್ಲಿ 26 ಕ್ಯಾಂಟನ್‌ಗಳಿವೆ. ಜನರ ಆದಾಯದ ಮೇಲೆ ಕ್ಯಾಂಟನ್‌ಗಳೂ ಊರಿನ ಆಡಳಿತಗಳೂ ತಮ್ಮದೇ ತೆರಿಗೆ ಹಾಕುತ್ತವೆ. ಕೇಂದ್ರಕ್ಕೂ ಆದಾಯ ತೆರಿಗೆ ಇದೆ, ಆದರೆ ವ್ಯಕ್ತಿಗಳ ಮೇಲೆ ಗರಿಷ್ಠ 11.5 ಪರ್ಸೆಂಟ್ ಎಂದು ಸಂವಿಧಾನವೇ ಹೇಳುತ್ತದೆ. ಅದಕ್ಕಿಂತ ಮಜಾ ಅಂದರೆ, ಕೇಂದ್ರದ ಈ ತೆರಿಗೆಗೂ ವ್ಯಾಟ್‌ಗೂ ಕೊನೆಯ ದಿನಾಂಕ ಇದೆ. 2035ರ ಕೊನೆಗೆ ಅಧಿಕಾರ ಮುಗಿಯುತ್ತದೆ. ಮುಂದುವರಿಸಬೇಕಾದರೆ ಸಂವಿಧಾನ ತಿದ್ದಬೇಕು. ಅದಕ್ಕೆ ದೇಶದಾದ್ಯಂತ ಮತ ಹಾಕಿದವರಲ್ಲಿ ಬಹುಮತವೂ ಬೇಕು, ಕ್ಯಾಂಟನ್‌ಗಳಲ್ಲಿ ಬಹುಮತವೂ ಬೇಕು. 2018ರ ಮಾರ್ಚ್‌ನಲ್ಲಿ ಹೀಗೆಯೇ ಕೇಳಿ ಪಡೆದರು. ಗಮ್ಮತ್ತು ಏನೆಂದರೆ, ಕೇಂದ್ರದ ಕಾನೂನನ್ನು ಸಂವಿಧಾನಬಾಹಿರ ಎಂದು ರದ್ದು ಮಾಡುವ ಅಧಿಕಾರ ಅಲ್ಲಿನ ಸುಪ್ರೀಂ ಕೋರ್ಟಿಗೆ ಇಲ್ಲ. ಕೋರ್ಟಿನ ಕಾವಲಿಲ್ಲದೆಯೂ ಅಲ್ಲಿ ಕ್ಯಾಂಟನ್‌ಗಳು ಗಟ್ಟಿಯಾಗಿವೆ. ಯಾಕೆಂದರೆ ಜೇಬೂ ಅವರದ್ದು, ಒಪ್ಪಿಗೆಯೂ ಅವರದ್ದು.

ಒಪ್ಪಿಗೆಯ ವಿಷಯದಲ್ಲಿ ಜರ್ಮನಿ ಇನ್ನೊಂದು ದಾರಿ ಹಿಡಿದಿದೆ. ಅದರ ಮೇಲ್ಮನೆ ಬುಂಡೆಸ್‌ರಾಟ್‌ನಲ್ಲಿ ಕೂರುವವರು 16 ರಾಜ್ಯ ಸರ್ಕಾರಗಳ ಮಂತ್ರಿಗಳೇ. ಒಂದು ರಾಜ್ಯದ ಮತಗಳನ್ನೆಲ್ಲ ಒಟ್ಟಾಗಿ ಒಂದೇ ಕಡೆ ಹಾಕಬೇಕು. ಒಟ್ಟು 69 ಮತಗಳು. ದೊಡ್ಡ ರಾಜ್ಯಕ್ಕೆ 6, ಚಿಕ್ಕದಕ್ಕೆ 3. ರಾಜ್ಯಗಳ ಹಿತಕ್ಕೆ ಸಂಬಂಧಿಸಿದ ಎಷ್ಟೋ ಕಾನೂನುಗಳು ಇವರ ಒಪ್ಪಿಗೆ ಇಲ್ಲದೆ ಪಾಸ್ ಆಗುವುದೇ ಇಲ್ಲ. ಒಕ್ಕೂಟ ರಾಜ್ಯಗಳಾಗಿ ಹಂಚಿರುವುದನ್ನಂತೂ ಸಂವಿಧಾನ ತಿದ್ದಿ ಕೂಡ ತೆಗೆಯುವಂತಿಲ್ಲ ಎಂದು 1949ರ ಅವರ ‘ಮೂಲ ಕಾನೂನು’, ಅಂದರೆ ಅವರ ಸಂವಿಧಾನವೇ, ಹೇಳುತ್ತದೆ. ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ವರ್ಷದಲ್ಲಿ ರಾಜ್ಯಗಳ ವಿಧಾನಸಭೆಗಳನ್ನೂ ಹಳೆಯ ಮೇಲ್ಮನೆಯನ್ನೂ ಮುಚ್ಚಿಹಾಕಿದ್ದನ್ನು ನೋಡಿದವರು ಬರೆದ ಸಾಲು ಅದು.

ನಮ್ಮ ರಾಜ್ಯಸಭೆ ಈ ಕೆಲಸ ಮಾಡುತ್ತದೆಯೇ? ಹೆಸರು ಮಾತ್ರ ಹಾಗಿದೆ. ಸದಸ್ಯರನ್ನು ಶಾಸಕರು ಆರಿಸುತ್ತಾರೆ, ನಿಜ. ಆದರೆ ಅವರು ಮತ ಹಾಕುವುದು ಪಕ್ಷ ಹೇಳಿದಂತೆ. 2003ರಲ್ಲಿ ಕಾನೂನು ತಿದ್ದಿ, ಸದಸ್ಯ ಆ ರಾಜ್ಯದ ಮತದಾರನಾಗಿರಬೇಕು ಎಂಬ ನಿಯಮವನ್ನೂ ತೆಗೆದರು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಹಣಕಾಸು ಮಸೂದೆ (ಮನಿ ಬಿಲ್) ಎಂದು ಮುದ್ರೆ ಬಿದ್ದರೆ ರಾಜ್ಯಸಭೆಗೆ ತಡೆಯುವ ಅಧಿಕಾರವೇ ಇಲ್ಲ. 2016ರಲ್ಲಿ ಆಧಾರ್ ಕಾನೂನು ಆ ದಾರಿಯಲ್ಲೇ ಬಂತು. ಇನ್ನು 3ನೇ ವಿಧಿಯಂತೂ ಎಲ್ಲಕ್ಕಿಂತ ಮೇಲೆ. ಒಂದು ರಾಜ್ಯವನ್ನು ಒಡೆಯಲು ಸಂಸತ್ತಿನ ಸಾಮಾನ್ಯ ಬಹುಮತ ಸಾಕು. ಆ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕಾಗಿಲ್ಲ. 2014ರ ಜನವರಿಯಲ್ಲಿ ಆಂಧ್ರಪ್ರದೇಶ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ತೆಲಂಗಾಣದ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಆದರೆ ರಾಜ್ಯದ ನಕ್ಷೆಯೇ ಇನ್ನೊಬ್ಬರ ಕೈಯಲ್ಲಿದೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಂವಿಧಾನ ಬರೆದವರು ಇದನ್ನು ಕಣ್ಣು ಮುಚ್ಚಿಕೊಂಡು ಮಾಡಲಿಲ್ಲ. ದೇಶ ಆಗತಾನೇ ಎರಡಾಗಿತ್ತು. ಸಂಸ್ಥಾನಗಳು ಒಂದೊಂದಾಗಿ ಸೇರುತ್ತಿದ್ದವು. 1948ರ ನವೆಂಬರ್ 4ರಂದು ಕರಡು ಮಂಡಿಸುವಾಗ ಅಂಬೇಡ್ಕರ್, ಕಾಲಕ್ಕೂ ಸಂದರ್ಭಕ್ಕೂ ತಕ್ಕಂತೆ ಇದು ಒಕ್ಕೂಟವಾಗಿಯೂ ಏಕ ಸರ್ಕಾರವಾಗಿಯೂ ಕೆಲಸ ಮಾಡಬಲ್ಲದು ಎಂದು ಬಿಚ್ಚಿ ಹೇಳಿದ್ದರು. ಹಾಗೆಂದು ರಾಜ್ಯಗಳು ಕೇಂದ್ರದ ಏಜೆಂಟರು ಎಂದು ಅವರು ಒಪ್ಪಲಿಲ್ಲ. ವರ್ಷದ ಮೇಲೆ, ಕೊನೆಯ ಭಾಷಣದಲ್ಲಿ, ರಾಜ್ಯಗಳಿಗೆ ಅಧಿಕಾರ ಬಂದಿರುವುದು ಸಂವಿಧಾನದಿಂದ, ಕೇಂದ್ರದ ಯಾವ ಕಾನೂನಿನಿಂದಲೂ ಅಲ್ಲ ಎಂದು ಒತ್ತಿ ಹೇಳಿದರು. ಸಂದರ್ಭ ಬಂದಾಗ ಮಾತ್ರ ತೆರೆಯಲಿ ಎಂದು ಇಟ್ಟ ಬಾಗಿಲುಗಳು ದಿನನಿತ್ಯದ ಓಡಾಟಕ್ಕೆ ಬಳಕೆಯಾದದ್ದು ಆಮೇಲಿನ ಕತೆ.

ಅಂಥ ಬಾಗಿಲುಗಳಲ್ಲಿ ಒಂದು 356ನೇ ವಿಧಿ, ರಾಷ್ಟ್ರಪತಿ ಆಳ್ವಿಕೆ. 1977ರಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯಗಳನ್ನು ಒಂದೇ ಏಟಿಗೆ ವಜಾ ಮಾಡಿತು. 1980ರಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿ ಅವರೂ ಒಂಬತ್ತನ್ನು ವಜಾ ಮಾಡಿದರು. ಲೆಕ್ಕ ಚುಕ್ತಾ! 1989ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಅವಕಾಶ ಕೊಡಲಿಲ್ಲ. ಆ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನು ಕೋರ್ಟ್ ಪರಿಶೀಲಿಸಬಹುದು. ತಪ್ಪಿದ್ದರೆ ಸರ್ಕಾರವನ್ನು ಮತ್ತೆ ಕೂರಿಸಲೂಬಹುದು. ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪದ, ಅಂದರೆ ತಿದ್ದುಪಡಿಯಿಂದಲೂ ಕೆಡಿಸಲಾಗದ ತಿರುಳಿನ, ಭಾಗ ಎಂದೂ ಆ ತೀರ್ಪು ಹೇಳಿತು. ಆ ನಂತರ 356ರ ಬಳಕೆ ಎದ್ದು ಕಾಣುವಷ್ಟು ಕಡಿಮೆಯಾಯಿತು.

ಈ ತೀರ್ಪು ಯಾಕೆ ಕೆಲಸ ಮಾಡಿತು ಎಂದು ಯೋಚಿಸಬೇಕು. ದೊಡ್ಡ ತತ್ವ ಹೇಳಿದ್ದರಿಂದ ಮಾತ್ರ ಅಲ್ಲ. ಅದು ಎಣಿಸಬಹುದಾದ ಒಂದು ಪರೀಕ್ಷೆ ಕೊಟ್ಟಿತು. ಸದನದಲ್ಲಿ ತಲೆ ಎಣಿಸಿ. ಅಷ್ಟೇ. ಅಲ್ಲಿ ವಾದಕ್ಕೆ ಜಾಗ ಕಡಿಮೆ.

ಈಗಿನ ರಾಜ್ಯಪಾಲರ ವಿವಾದವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವಿಧಾನಸಭೆ ಪಾಸ್ ಮಾಡಿದ ಮಸೂದೆ ರಾಜ್ಯಪಾಲರ ಬಳಿ ಬಂದಾಗ ಅವರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ರಾಷ್ಟ್ರಪತಿಗೆ ಕಳಿಸಬಹುದು ಎನ್ನುತ್ತದೆ 200ನೇ ವಿಧಿ. ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ಹಾಗಾಗಿ ಮೇಜಿನ ಮೇಲೆ ಇಟ್ಟುಕೊಂಡು ಸುಮ್ನೆ ಕೂರುವುದೇ ಒಂದು ಅಧಿಕಾರವಾಗಿಬಿಟ್ಟಿತು. 2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು ಪ್ರಕರಣದಲ್ಲಿ ಗಡುವು ಹಾಕಿತು. ಅಲ್ಲದೆ ಹತ್ತು ಮಸೂದೆಗಳಿಗೆ ಅಂಕಿತ ಸಿಕ್ಕಿದೆ ಎಂದೇ ಭಾವಿಸಬೇಕು ಎಂದಿತು. ಮುಂದಿನ ತಿಂಗಳೇ ರಾಷ್ಟ್ರಪತಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ನವೆಂಬರ್ 20ರಂದು ಐವರ ಸಂವಿಧಾನ ಪೀಠ ಉತ್ತರ ಕೊಟ್ಟಿತು. ಕೋರ್ಟ್ ಗಡುವು ಹಾಕುವಂತಿಲ್ಲ. ಅಂಕಿತ ಸಿಕ್ಕಿದೆ ಎಂದು ಭಾವಿಸುವಂತಿಲ್ಲ. ಆದರೆ ರಾಜ್ಯಪಾಲರು ಕೊನೆಯೇ ಇಲ್ಲದಂತೆ ಮಸೂದೆ ಇಟ್ಟುಕೊಳ್ಳುವಂತೆಯೂ ಇಲ್ಲ. ತೀರಾ ತಡವಾದರೆ, ಕಾರಣ ಹೇಳಲಾಗದಿದ್ದರೆ, ಬೇಗ ತೀರ್ಮಾನಿಸಿ ಎಂದು ಕೋರ್ಟ್ ಹೇಳಬಹುದು.

ಪಠ್ಯದಲ್ಲಿ ಇಲ್ಲದ ದಿನಗಳನ್ನು ಕೋರ್ಟ್ ಸೇರಿಸಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ಫಲ ಏನಾಯಿತು? ‘ತೀರಾ ತಡ’ ಎಂಬುದನ್ನು ಎಣಿಸಲು ಆಗುವುದಿಲ್ಲ. ಒಂದೊಂದು ಮಸೂದೆಗೂ ರಾಜ್ಯ ಕೋರ್ಟಿಗೆ ಹೋಗಬೇಕು, ವಕೀಲರನ್ನಿಡಬೇಕು, ಕಾಯಬೇಕು. ಅಷ್ಟರಲ್ಲಿ ಸರ್ಕಾರದ ಅವಧಿಯೇ ಮುಗಿದಿರಬಹುದು. ಬೊಮ್ಮಾಯಿ ತೀರ್ಪಿನಲ್ಲಿದ್ದ ಎಣಿಕೆಯ ಪರೀಕ್ಷೆ ಇಲ್ಲಿ ಇಲ್ಲ. ಗಡುವನ್ನು ಕೋರ್ಟ್ ಹಾಕಬಾರದು ಎಂದರೆ ಸಂಸತ್ತೇ ತಿದ್ದುಪಡಿ ಮಾಡಿ ಹಾಕಬೇಕು. ಆದರೆ ರಾಜ್ಯಪಾಲರನ್ನು ನೇಮಿಸುವ ಕಡೆಯವರು ಆ ಕೆಲಸಕ್ಕೆ ಯಾಕೆ ಕೈಹಾಕುತ್ತಾರೆ?

ಇಷ್ಟೆಲ್ಲ ಹೇಳಿದ ಮೇಲೆ ರಾಜ್ಯಗಳೆಂದರೆ ಪಾಪದವು, ಕೇಂದ್ರವೆಂದರೆ ಖಳ ಎಂದು ಓದಬೇಡಿ. ಅಮೆರಿಕದಲ್ಲಿ ‘ರಾಜ್ಯಗಳ ಹಕ್ಕು’ ಎಂಬ ಘೋಷಣೆಯ ಅಡಿಯಲ್ಲಿ ಮೊದಲು ಗುಲಾಮಗಿರಿ, ಆಮೇಲೆ ಕಪ್ಪು ಜನರನ್ನು ಬೇರೆ ಇಡುವ ಕಾನೂನುಗಳು ಬೆಚ್ಚಗೆ ಕೂತಿದ್ದವು. 1957ರಲ್ಲಿ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಶಾಲೆಯೊಳಗೆ ಹೋಗಲು ಅಧ್ಯಕ್ಷ ಐಸೆನ್‌ಹೋವರ್ ಸೇನೆ ಕಳಿಸಬೇಕಾಯಿತು. ತಡೆದು ನಿಂತಿದ್ದವರು ರಾಜ್ಯದ ಗವರ್ನರ್. ನಮ್ಮಲ್ಲೂ ಅಷ್ಟೇ. ದೆಹಲಿಯ ವಿರುದ್ಧ ಗಂಟಲು ಹರಿಯುವಂತೆ ಕೂಗುವ ರಾಜ್ಯಗಳು ತಮ್ಮ ಕೆಳಗಿನ ಪಂಚಾಯಿತಿ, ಪಾಲಿಕೆಗಳ ವಿಷಯಕ್ಕೆ ಬಂದರೆ ತಾವೇ ಪುಟ್ಟ ದೆಹಲಿಗಳಾಗುತ್ತವೆ. 73 ಮತ್ತು 74ನೇ ತಿದ್ದುಪಡಿಗಳು 1993ರಿಂದ ಜಾರಿಯಲ್ಲಿವೆ. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ. ಆದರೂ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಸ್ವಂತ ಹಣ ಇದೆಯೇ, ಒಪ್ಪಿಗೆ ಕೇಳುತ್ತಾರೆಯೇ ಎಂಬ ಆ ಎರಡು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿ ನೋಡಿ. ಪಂಚಾಯಿತಿಯ ಉತ್ತರ ರಾಜ್ಯದ ಉತ್ತರಕ್ಕಿಂತ ಬಡವಾಗಿದೆ.

ಮುಂದೆ ಬರುವ ದೊಡ್ಡ ಜಗಳ ಒಪ್ಪಿಗೆಗೇ ಸಂಬಂಧಿಸಿದ್ದು. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು 1971ರ ಜನಸಂಖ್ಯೆಯ ಮೇಲೆ ನಿಂತಿದೆ. 1976ರ ಅದೇ 42ನೇ ತಿದ್ದುಪಡಿ ಸ್ಥಾನಗಳ ಮರುಹಂಚಿಕೆಯನ್ನು ತಡೆಹಿಡಿಯಿತು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಆ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಲಾಗಿದೆ. ಯಾರೂ ಏನೂ ಮಾಡದಿದ್ದರೆ ತಡೆ ತಾನಾಗಿ ಮುಗಿಯುತ್ತದೆ. ಒಬ್ಬ ವ್ಯಕ್ತಿಗೆ ಒಂದೇ ಬೆಲೆಯ ಮತ ಎಂದು ಉತ್ತರದವರು ಕೇಳುವುದರಲ್ಲಿ ತಪ್ಪಿಲ್ಲ. ಜನಸಂಖ್ಯೆ ಹಿಡಿತದಲ್ಲಿಟ್ಟದ್ದಕ್ಕೆ ಶಿಕ್ಷೆಯೇ ಎಂದು ದಕ್ಷಿಣದವರು ಕೇಳುವುದರಲ್ಲೂ ತಪ್ಪಿಲ್ಲ. ಬುಂಡೆಸ್‌ರಾಟ್‌ನಂಥ ಮೇಲ್ಮನೆ ಇದ್ದಿದ್ದರೆ ಕೆಳಮನೆಯ ಸ್ಥಾನಗಳ ಬಗ್ಗೆ ಇಷ್ಟು ಭಯ ಇರುತ್ತಿರಲಿಲ್ಲ. ದಕ್ಷಿಣದ ಐದು ರಾಜ್ಯಗಳಿಗೆ ಈ ತಡೆ ಇರುವಾಗಲೇ 543ರಲ್ಲಿ 129 ಸ್ಥಾನ. ಸಂವಿಧಾನ ತಿದ್ದುಪಡಿಯೊಂದನ್ನು ಲೋಕಸಭೆಯಲ್ಲಿ ತಡೆಯಲು ಬೇಕಾದದ್ದು ಮತ ಹಾಕುವವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ, ಎಲ್ಲರೂ ಹಾಜರಿದ್ದರೆ 182. ಐದೂ ರಾಜ್ಯಗಳ ಎಲ್ಲ ಪಕ್ಷಗಳ ಎಲ್ಲ ಸಂಸದರೂ ಒಂದೇ ಕಡೆ ಕೂತರೂ ಇನ್ನೂ 53 ಮತಗಳನ್ನು ಬೇರೆ ರಾಜ್ಯಗಳಿಂದ ಹುಡುಕಬೇಕು.